ಗೀಲಾಂಗ್ ಹೊರಗಿನ ಬಿಳಿ ಪೆಟ್ಟಿಗೆಗಳು

ಮೆಲ್ಬರ್ನ್‌ನಲ್ಲಿ ಮಕ್ಕಳ ಮನೆಗೆ ಹೋದವರೆಲ್ಲ ಗ್ರೇಟ್ ಓಷನ್ ರೋಡ್ ನೋಡಿ ಬರ್ತಾರೆ. ನಾವೂ ಹೊರಟಿದ್ದೆವು. ಗೀಲಾಂಗ್ ಹತ್ತಿರ ಬಂದಾಗ ಮಗನಿಗೆ, "ಸ್ವಲ್ಪ ಈ ಕಡೆ ತಿರುಗಿಸೋ, ಮೂರಬೂಲ್ ಅಂತ ಒಂದು ಸಬ್‌ಸ್ಟೇಷನ್ ಇದೆ" ಅಂದೆ. "ರಿಟೈರ್ ಆದ್ರೂ ಸಬ್‌ಸ್ಟೇಷನ್ ಬಿಡಲ್ವಲ್ಲ ನೀವು!" ಹಿಂದಿನ ಸೀಟಿನಿಂದ ನನ್ನಾಕೆಯ ಗೊಣಗಾಟ.

ಬಯಲು, ಹುಲ್ಲು, ಟೋಪಿ ಹಾರಿಸುವ ಗಾಳಿ. ಬೇಲಿಯಾಚೆ ಬಿಳಿ ಪೆಟ್ಟಿಗೆಗಳ ಸಾಲೋ ಸಾಲು. ಇದೇ ವಿಕ್ಟೋರಿಯನ್ ಬಿಗ್ ಬ್ಯಾಟರಿ. 212 ಮೆಗಾಪ್ಯಾಕ್‌ಗಳು, 300 ಮೆಗಾವ್ಯಾಟ್. ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಬೇಕು. ಅರ್ಧ ಗಂಟೆ ನಿಂತರೂ ಒಬ್ಬ ಮನುಷ್ಯ ಕಾಣಲಿಲ್ಲ.

ನನ್ನ ಕಾಲದ ಬ್ಯಾಟರಿ ರೂಮು ನೆನಪಾಯಿತು. 110 ವೋಲ್ಟಿಗೆ 55 ಸೆಲ್‌ಗಳು. ಹೈಡ್ರೋಮೀಟರ್ ಅದ್ದಿ, ಕಣ್ಣು ಕಿರಿದು ಮಾಡಿ ಓದಿ, ಪೈಲಟ್ ಸೆಲ್‌ನ ರೀಡಿಂಗ್ ರಿಜಿಸ್ಟರಿನಲ್ಲಿ ಬರೆಯಬೇಕು. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್. ನನ್ನ ಅಂಗಿಗಳೆಲ್ಲ ಆಸಿಡ್ ತೂತು! ಸೆಲ್ ಕೆಟ್ಟರೆ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು, ಆಮೇಲೆ ರಿಜಿಸ್ಟರಿಗೆ.

ಇಲ್ಲಿ ಒಳಗಿನ ಬಿಸಿ, ವೋಲ್ಟೇಜು, ಕರೆಂಟು ಎಲ್ಲವನ್ನೂ ಪೆಟ್ಟಿಗೆಯೇ ಅಳೆದು ದೂರದ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಬೇಸಿಗೆಯಲ್ಲಿ ಪಕ್ಕದ ನ್ಯೂ ಸೌತ್ ವೇಲ್ಸ್‌ನಿಂದ ಬರುವ ಲೈನುಗಳಲ್ಲಿ ಹೆಚ್ಚು ವಿದ್ಯುತ್ ಹರಿಸಲು ಈ ಬ್ಯಾಟರಿಯೇ ಧೈರ್ಯ. ಲೈನು ಟ್ರಿಪ್ ಆದರೆ ಸಿಗ್ನಲ್ ಬಂದ ಕೂಡಲೇ ಇದು ಕೈಕೊಡದೆ ವಿದ್ಯುತ್ ಸುರಿಯಬೇಕು. ನಮ್ಮ ಕಾಲದಲ್ಲಿ ಅಷ್ಟು ಹೊತ್ತಿಗೆ ಫೋನಿನ ರಿಸೀವರ್ ಎತ್ತಿರುತ್ತಿರಲಿಲ್ಲ.

ನಾನು ನೋಡಬೇಕೆಂದಿದ್ದು ಮಾತ್ರ ಬೇರೆ ಕಾರಣಕ್ಕೆ. 2021ರ ಜುಲೈ 30ರಂದು, ಇನ್ನೂ ಪರೀಕ್ಷೆ ನಡೆಯುತ್ತಿದ್ದಾಗ, ಇಲ್ಲಿ ಒಂದು ಪೆಟ್ಟಿಗೆ ಹೊತ್ತಿಕೊಂಡಿತು. ಕೂಲಂಟ್ ಸೋರಿ ಶಾರ್ಟ್ ಆಗಿದೆ. ಆ ಪೆಟ್ಟಿಗೆ ಪರೀಕ್ಷೆಗೆ ಬೇಡವೆಂದು ಕೀಲಿ ತಿರುಗಿಸಿ ಆಫ್ ಮಾಡಿದ್ದರು. ಹೊಸ ಪೆಟ್ಟಿಗೆ ಕಂಟ್ರೋಲ್ ವ್ಯವಸ್ಥೆಗೆ ಪೂರ್ತಿ ಜೋಡಣೆಯಾಗಲು ಆಗ 24 ಗಂಟೆ ಬೇಕಿತ್ತು. ಅದು ಚಾಲೂ ಇದ್ದದ್ದು 13 ಗಂಟೆ. ಅಂದರೆ ಒಳಗೆ ಬಿಸಿ ಏರುತ್ತಿದ್ದಾಗ ಕೂಗಿ ಹೇಳಲು ಅದಕ್ಕೆ ಬಾಯಿರಲಿಲ್ಲ. ಗಾಳಿಗೆ ಬೆಂಕಿ ಪಕ್ಕದ ಪೆಟ್ಟಿಗೆಗೂ ಹಬ್ಬಿತು. ಪೂರ್ತಿ ಹತೋಟಿಗೆ ಬಂತು ಅಂತ ಘೋಷಿಸಲು ಮೂರು ದಿನದ ಮೇಲಾಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಆಮೇಲೆ ಆ 24 ಗಂಟೆಯನ್ನು ಒಂದು ಗಂಟೆಗೆ ಇಳಿಸಿದರು.

ಆಫ್ ಮಾಡಿದ ಬ್ಯಾಟರಿ ಸತ್ತ ಬ್ಯಾಟರಿ ಅಲ್ಲ ಅಂತ ನಮ್ಮ ಹಳೇ ಹೆಲ್ಪರ್‌ಗೂ ಗೊತ್ತಿತ್ತು. ಇದನ್ನು ಮಗನಿಗೆ ಹೇಳಿದೆ. ಅವನು, "ಅಪ್ಪಾ, ನಿಮ್ಮ ಹೆಲ್ಪರ್ 212 ಪೆಟ್ಟಿಗೆ ಮೂಸಿ ನೋಡೋಕೆ ಆಗ್ತಿತ್ತಾ?" ಅಂದ. ಅದೂ ಸರಿಯೇ.

"ಸಮುದ್ರ ನೋಡೋದಿದೆ, ಕತ್ತಲಾಗುತ್ತೆ" ಎಂದು ನನ್ನಾಕೆ ಕಾರಿನ ಬಾಗಿಲು ತೆಗೆದು ಕೂತಳು.