ತಗದು ಹಾಕೋ ಮೊದಲ ಒಮ್ಮೆ ಎಣಸ್ರಿ

ನಮ್ಮ ಅತ್ತ್ಯಾರಿಗೆ ಒಂದು ರೂಢಿ ಇತ್ತು. ಹಳೇ ಸೀರಿ ತಗೊಂಡು ಭಾಂಡೆ ಕೊಡೋಕಿ ಓಣ್ಯಾಗ ಬಂದ್ಲಂದ್ರ, ಟ್ರಂಕಿನ್ಯಾಗಿನ ಸೀರಿ ಹೊರಗ ತಗದು, ಒಂದೊಂದನ್ನೂ ಪೂರ್ತಿ ಬಿಚ್ಚಿ ಝಾಡಿಸಿ, ಸೆರಗು ಮುಟ್ಟಿ ನೋಡಿನೇ ಆಕಿ ಕೈಗೆ ಕೊಡ್ತಿದ್ರು. "ಸೆರಗಿನ ಗಂಟಿನ್ಯಾಗ ಏನರ ಉಳದಿರ್ತದವಾ. ಕೊಟ್ಟ ಮ್ಯಾಲೆ ಕೇಳಿದ್ರ ವಾಪಸ್ ಬರೂದಿಲ್ಲ" ಅಂತಿದ್ರು. ಆವಾಗ ನಾ ಒಳಗೊಳಗೇ ನಗ್ತಿದ್ದೆ. ಈಗ ನಗು ಬರೂದಿಲ್ರಿ. ಯಾಕಂತ ಹೇಳ್ತೀನಿ ಕೇಳ್ರಿ.

ಹೋದ ದೀಪಾವಳಿಗೆ ಮನಿ ಎಲ್ಲಾ ಝಾಡಿಸಿ ಆತು, ಅಟ್ಟ ಆತು, ಕಪಾಟು ಆತು. ಉಳದದ್ದು ಹಳೇ ಹಾರ್ಡ್ ಡಿಸ್ಕು. 2009ರಿಂದ 2023ರ ತನಕಾ, ಹದಿನೈದು ವರ್ಷದ ಫೋಟೋ ಅದರಾಗ ಹೆಂಗ ಬೇಕಂದ್ರ ಹಂಗ ತುಂಬಿದ್ವು. 'ಮದವಿ', 'ಮದವಿ ಹೊಸದು', 'ನ್ಯೂ ಫೋಲ್ಡರ್', 'ನ್ಯೂ ಫೋಲ್ಡರ್ 2' ಅಂತ ಹೆಸರು. ಯಾವುದರಾಗ ಏನದ ಅಂತ ದೇವರಿಗೇ ಗೊತ್ತು. ಇವರು ಒಂದು ಹೊಸಾ ಡಿಸ್ಕು ತಂದಿದ್ರು. ಅದರಾಗ ಎಲ್ಲಾ ವ್ಯವಸ್ಥಿತ ಜೋಡಿಸಿ, ಹಳೇದನ್ನ ಖಾಲಿ ಮಾಡಿ ಮೈದುನನ ಮಗನಿಗೆ ಕೊಡೂದು ಅಂತ ಠರಾಯ್ಸಿದ್ವಿ.

ವರ್ಷಕ್ಕೊಂದು ಫೋಲ್ಡರ್, ಅದರೊಳಗ ಹಬ್ಬ, ಮದವಿ-ಮುಂಜವಿ, ಪ್ರವಾಸ, ಕಾಗದಪತ್ರ ಅಂತ ನಾಕ್ನಾಕು. ಹದಿನೈದು ನಾಕಲೆ ಅರವತ್ತು! ಪುಣೆದಾಗ ಇರೋ ಮಗಳಿಗೆ ಫೋನಿನ್ಯಾಗ ಹೇಳಿದ್ರ, "ಅಮ್ಮಾ, ಒಂದೊಂದೇ ಮಾಡ್ಕೋತ ಕೂತ್ರ ಸಂಕ್ರಮಣ ಬರ್ತದ. ಪೈಥಾನ್‌ನಾಗ ನಾಕು ಸಾಲು ಬರದ್ರ ಮುಗೀತು, ನಾ ಕಲಸ್ತೀನಿ" ಅಂದ್ಲು. "ನಾ ಪಿಯುಸಿ ಆರ್ಟ್ಸ್ ಓದಿದಾಕಿ, ನಂಗ್ಯಾಕ ಆ ಹಾವಿನ ಉಸಾಬರಿ" ಅಂದೆ. ಅದು ಹಾವಿಂದಲ್ಲಂತ್ರಿ. ಗೀಡೋ ವಾನ್ ರೋಸಮ್ ಅನ್ನಾವ್ರು 1991ರಾಗ ಆ ಭಾಷಾ ಹೊರಗ ತಂದಾಗ, ಮಾಂಟಿ ಪೈಥಾನ್ ಅನ್ನೋ ಇಂಗ್ಲಂಡಿನ ನಗಿ ಕಾರ್ಯಕ್ರಮದ ಹೆಸರು ಇಟ್ಟರಂತ. ನಗಿಸೋ ಹೆಸರು ಆದ್ರ ಅಡ್ಡಿಯಿಲ್ಲ ಅಂತ ಕೂತೆ.

ಮಾಡೂದು ಖರೇನ ಸರಳ ಅದ. ಅದರಾಗ ಎಮ್‌ಕೆಡಿರ್ ಅಂತ ಒಂದು ಆಜ್ಞೆ, ಮೇಕ್‌ಡಿರ್ಸ್ ಅಂತ ಇನ್ನೊಂದು. ಮೊದಲನೇದು ಒಂದೇ ಡಬ್ಬಿ ಇಡ್ತದ. ಡಬ್ಬಿ ಇಡೋ ಹಲಗಿನೇ ಇಲ್ಲಂದ್ರ 'ಎಲ್ಲೆ ಇಡ್ಲಿ' ಅಂತ ತಕರಾರು ಮಾಡ್ತದ. ಎರಡನೇದು ಶಾಣ್ಯಾ. ಕಪಾಟು ಇಲ್ಲಂದ್ರ ಕಪಾಟು, ಹಲಗಿ ಇಲ್ಲಂದ್ರ ಹಲಗಿ, ಆಮ್ಯಾಲೆ ಡಬ್ಬಿ, ಎಲ್ಲಾ ತಾನ ಮಾಡ್ಕೋತದ. ಮೊದಲೇ ಇದ್ದದ್ದನ್ನ ಮತ್ತ ಮಾಡು ಅಂದ್ರ ಅದೂ ನಿಂತುಬಿಡ್ತದ. ಅದಕ್ಕ 'ಎಕ್ಸಿಸ್ಟ್ ಓಕೆ' ಅಂತ ಸೇರಿಸಿ, 'ಇದ್ರ ಇರ್ಲಿ ಬಿಡು' ಅಂತ ಹೇಳಬೇಕು. ಮಗಳು ಹೇಳಿದಂಗ ಬರದು ಎಂಟರ್ ಒತ್ತಿದೆ. ಕಣ್ಣು ಮಿಟುಕಿಸೋದ್ರಾಗ ಅರವತ್ತೂ ತಯಾರ್! ಹೆಸರು ಕನ್ನಡದಾಗನ ಕೊಟ್ಟಿದ್ದೆ, ಅವೂ ಛಂದ ಕಂಡ್ವು. ಇವರನ್ನ ಕರದು ತೋರಿಸಿದೆ. ಚಹಾ ಅವರೇ ಮಾಡಿ ಕೊಟ್ರು ಅವತ್ತ.

ನಕಲು ಮಾಡೂದಕ್ಕ ಕಾಪಿಟ್ರೀ ಅಂತ ಅದ. ಒಂದು ಫೋಲ್ಡರ್ ತೋರಿಸಿದ್ರ ಅದರೊಳಗಿನ ಫೋಲ್ಡರ್, ಅದರೊಳಗಿನ ಫೋಟೋ, ಬುಡದ ತನಕಾ ಎಲ್ಲಾ ಹೊಸ ಜಾಗಾಕ್ಕ ಹೋಗ್ತದ. ಫೋಟೋದ ಹಳೇ ತಾರೀಖೂ ಹಂಗ ಉಳೀತದ, ಅದರಿಂದ ಯಾವುದು ಮುಂದ ಯಾವುದು ಹಿಂದ ಅಂತ ಗೊತ್ತಾಗ್ತದ. ಆದ್ರ ಇಡೋ ಜಾಗಾದಾಗ ಅದೇ ಹೆಸರಿನ ಫೋಲ್ಡರ್ ಇರಬಾರದು. ಇದ್ದರೂ ಅದರಾಗನ ತುಂಬು ಅನ್ನೋ ಸವಲತ್ತು 3.8ನೇ ಆವೃತ್ತಿಯಿಂದ ಬಂದದ, ಖರೆ ಅದು ಹುಷಾರಿನಿಂದ ಬಳಸೋದು. ಎರಡೂ ಕಡೆ ಒಂದೇ ಹೆಸರಿನ ಫೋಟೋ ಇದ್ರ ಹೊಸಾದು ಬಂದು ಹಳೇದರ ಮ್ಯಾಲೆ ಕೂಡ್ತದ, ಹಳೇದು ಹೋಗಿಬಿಡ್ತದ. ಕ್ಯಾಮೆರಾದ ಫೋಟೋಕ್ಕ ಹೆಸರಂದ್ರ ಬರೇ ನಂಬರು, ಅದಕ್ಕ ಹಿಂಗಾಗೂದು ಸುಲಭ. ನಾ ಹಂಗ ಮಾಡ್ಲಿಲ್ಲ. ಯಾವ ಹಳೇ ಫೋಲ್ಡರ್ ಯಾವ ವರ್ಷದ್ದು ಅಂತ ಒಂದು ವಹಿಯಾಗ ಪಟ್ಟಿ ಬರಕೊಂಡು, ನಾಕು ದಿವಸ ಕೂತು ಒಂದೊಂದಕ್ಕೂ ಬ್ಯಾರೆ ಹೆಸರು ಕೊಟ್ಟು ಫೋಟೋ ಎಲ್ಲಾ ಸಾಗಿಸಿದೆ.

ಉಳದದ್ದು ತಗದು ಹಾಕೂದು.

ಇದಕ್ಕೂ ಎರಡು ಆಜ್ಞೆ ಅವ. ಆರ್‌ಎಮ್‌ಡಿರ್ ಅಂದ್ರ ಖಾಲಿ ಇದ್ದ ಫೋಲ್ಡರ್ ಅಷ್ಟೇ ತಗೀತದ. ಒಳಗ ಒಂದು ಚೀಟಿ ಇದ್ರೂ 'ಇದು ಖಾಲಿ ಇಲ್ಲ' ಅಂತ ಮುಟ್ಟೂದಿಲ್ಲ. ಆರ್‌ಎಮ್‌ಟ್ರೀ ಅಂದ್ರ ಹಂಗಲ್ಲ. ಗಿಡಾ ಬೇರು ಸಮೇತ ಕಿತ್ತಂಗ ಎಲ್ಲಾ ತಗೀತದ. ನಾವು ಮೌಸಿನಿಂದ ಅಳಿಸಿದ್ರ ಕಸದಬುಟ್ಟಿಗೆ ಹೋಗ್ತದ ನೋಡ್ರಿ, ಅಲ್ಲಿಂದ ವಾಪಸ್ ತಗೀಬಹುದು. ಈ ಆರ್‌ಎಮ್‌ಟ್ರೀಗೆ ಕಸದಬುಟ್ಟಿ ಇಲ್ಲ. 'ಖರೇನ ತಗೀಲೇನು' ಅಂತ ಒಂದು ಮಾತೂ ಕೇಳೂದಿಲ್ಲ.

ಹಳೇ ಡಿಸ್ಕಿನ್ಯಾಗ 'ಹಳೇದು' ಅಂತ ಒಂದು ದೊಡ್ಡ ಫೋಲ್ಡರ್. ಅದರೊಳಗ ಎರಡು: 'ಫೋಟೋ' ಮತ್ತ 'ಹಾಡು'. ಫೋಟೋ ಸಾಗಿಸಿ ಆಗಿತ್ತು, ಹಾಡು ನಾಳೆ ಮಾಡಿದ್ರಾತು ಅಂತ ಬಿಟ್ಟಿದ್ದೆ. ಅವತ್ತ ಒಲಿ ಮ್ಯಾಲೆ ಕುಕ್ಕರ್ ಇಟ್ಟು ಬಂದಿದ್ದೆ. ನಾ ತಗೀಬೇಕಾಗಿದ್ದು 'ಹಳೇದು' ಒಳಗಿನ 'ಫೋಟೋ'. ಬರದದ್ದು ಬರೇ 'ಹಳೇದು'. ಎಂಟರ್ ಒತ್ತಿ ಒಳಗ ಹೋಗಿ ಕುಕ್ಕರ್ ಬಂದ್ ಮಾಡಿ ಬರೂದ್ರಾಗ ಎಲ್ಲಾ ಖಾಲಿ.

ಆ 'ಹಾಡು' ಫೋಲ್ಡರಿನ್ಯಾಗ ಇದ್ದದ್ದು ನಮ್ಮ ಅತ್ತ್ಯಾರ ದನಿ. 2012ರಾಗ ಮಗಳು ತನ್ನ ಫೋನಿನ್ಯಾಗ ರೆಕಾರ್ಡ್ ಮಾಡಿದ್ದ ಹದಿನಾಲ್ಕು ಸಂಪ್ರದಾಯದ ಹಾಡು. ನಡುನಡುವೆ ಅವರು ಕೆಮ್ಮಿದ್ದು, "ಆತೇನವಾ, ಇನ್ನೊಂದು ಹೇಳ್ಲೇನು" ಅಂತ ಕೇಳಿದ್ದು ಎಲ್ಲಾ ಇತ್ತು. 2016ರಾಗ ಅವರು ತೀರಿಕೊಂಡ್ರು. ಅವರ ದನಿ ಅಂತ ಉಳದದ್ದು ಅಷ್ಟೇ.

ಕೈಕಾಲು ತಣ್ಣಗಾದ್ವು. ಆದ್ರ ನಾ ಮಾಡಿದ ದೊಡ್ಡ ತಪ್ಪು ಅದಲ್ಲ, ಅದರ ಮುಂದಿಂದು. ಯಾರಿಗೂ ಹೇಳ್ಲಿಲ್ಲ. ಇವರು ನೋಡಿದ್ರ ಡಿಸ್ಕು ಖಾಲಿ ಕಾಣಬಾರದು ಅಂತ ಹೊಸ ಡಿಸ್ಕಿನಿಂದ ಒಂದಿಷ್ಟು ಫೋಟೋ ತಂದು ಹಳೇದರಾಗ ಮತ್ತ ತುಂಬಿದೆ. ಎರಡು ದಿವಸ ಊಟ ಸೇರ್ಲಿಲ್ಲ. ಮೂರನೇ ದಿವಸ ಮಗಳು ವಿಡಿಯೋ ಕಾಲ್ ಮಾಡಿದಾಗ ನನ್ನ ಮಾರಿ ನೋಡೇ, "ಏನಾತಮ್ಮಾ" ಅಂದ್ಲು. ಅತ್ತು ಹೇಳಿದೆ.

ಅಕಿ ಬೈಲಿಲ್ಲ. "ಮೊದಲ ಆ ಡಿಸ್ಕು ತಗದು ಬಾಜೂಕ ಇಡು. ಅದರಾಗ ಒಂದು ಅಕ್ಷರನೂ ಹಾಕಬ್ಯಾಡ" ಅಂದ್ಲು. ತಿರುಗೋ ಹಳೇ ಥರದ ಡಿಸ್ಕಿನ್ಯಾಗ ಅಳಿಸಿದ್ದು ತಕ್ಷಣ ನಾಶ ಆಗೂದಿಲ್ಲಂತ. ಈ ಜಾಗಾ ಖಾಲಿ ಅದ ಅಂತ ಗುರುತು ಅಷ್ಟೇ ಬೀಳ್ತದ, ಹೊಸಾದು ಬಂದು ಕೂಡೋ ತನಕಾ ಹಳೇದು ಅಲ್ಲೇ ಇರ್ತದ. ನಾನೇ ನನ್ನ ಕೈಲೆ ಫೋಟೋ ತಂದು ಆ ಜಾಗಾದ ಮ್ಯಾಲೆ ಕೂಡಿಸಿದ್ದೆ! ಹುಬ್ಬಳ್ಳ್ಯಾಗ ಇಂಥಾ ಕೆಲಸ ಮಾಡೋ ಒಬ್ಬ ಹುಡುಗನ ಕಡೆ ಕೊಟ್ವಿ. ಒಂಬತ್ತು ಹಾಡು ಪೂರ್ತಿ ಸಿಕ್ವು. ಎರಡು ಅರ್ಧಮರ್ಧ. ಮೂರು ಸಿಗಲೇ ಇಲ್ಲ. ಅವತ್ತೇ ಹೇಳಿದ್ರ ಆ ಮೂರೂ ಉಳೀತಿದ್ವೋ ಏನೋ, ಅದೊಂದು ಕೊರಗು ನನ್ನ ಕೂಡನ ಇರ್ತದ.

ಇವರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮ್ಯಾಲೆ ಸಿಕ್ಕ ಒಂಬತ್ತನ್ನೂ ಹಚ್ಚಿ ಕೂತು ಕೇಳಿದ್ರು. ಒಂದೂ ಮಾತಾಡ್ಲಿಲ್ಲ.

ಇಷ್ಟಾದ್ರೂ ನಾ ಆ ಕೆಲಸ ಬಿಟ್ಟಿಲ್ರಿ, ರೀತಿ ಬದಲ ಮಾಡೇನಿ. ಈಗ ನಕಲು ಮಾಡಿದ ಮ್ಯಾಲೆ ಎರಡೂ ಕಡೆ ಎಷ್ಟು ಫೈಲ್ ಅವ ಅಂತ ಪೈಥಾನ್ ಕಡೆಯಿಂದನ ಎಣಸ್ತೀನಿ. ಲೆಕ್ಕ ಕೂಡಿದ ಮ್ಯಾಲೆ ನಾಕೈದು ತಗದು ನೋಡ್ತೀನಿ, ಹಾಡಿದ್ರ ಹಚ್ಚಿ ಕೇಳ್ತೀನಿ. ತಗೀಬೇಕಾದ ಫೋಲ್ಡರಿನ ಪೂರ್ತಿ ಹೆಸರು ಮೊದಲ ಪರದೆ ಮ್ಯಾಲೆ ಪ್ರಿಂಟ್ ಮಾಡ್ಸಿ, ಬಾಯಿಬಿಟ್ಟು ಓದಿ, ಹೂಂ ಅಂತ ಟೈಪ್ ಮಾಡಿದ್ರ ಮಾತ್ರ ಮುಂದ ಹೋಗೋ ಹಂಗ ಮಗಳು ಒಂದು ಸಾಲು ಸೇರಿಸ್ಯಾಳ. ಅಷ್ಟಾದ್ರೂ ಅವತ್ತೇ ತಗಿಯೂದಿಲ್ಲ. ಹೆಸರು ಬದಲ ಮಾಡಿ 'ಒಗಿಯೂದು' ಅಂತ ಇಡ್ತೀನಿ. ಒಂದು ತಿಂಗಳು ಯಾರೂ ಕೇಳ್ಲಿಲ್ಲಂದ್ರ ಆಮ್ಯಾಲೆ ಆರ್‌ಎಮ್‌ಟ್ರೀ. ಅದರಾಗ 'ಇಗ್ನೋರ್ ಎರರ್ಸ್' ಅಂತ ಒಂದು ಸವಲತ್ತದ, ಏನರ ತಪ್ಪಾದ್ರೂ ಬಾಯಿ ಮುಚ್ಕೊಂಡು ಮುಂದ ಹೋಗು ಅಂತ. ಅದನ್ನ ಮಾತ್ರ ನಾ ಹಾಕೂದಿಲ್ಲ. ತಪ್ಪಾದಾಗ ಬಾಯಿ ಮುಚ್ಕೊಂಡ್ರ ಏನಾಗ್ತದ ಅಂತ ನೋಡೇನಿ.

ಉಳದ ಹಾಡು ಈಗ ಮೂರು ಕಡೆ ಅವ: ನಮ್ಮನಿ ಡಿಸ್ಕಿನ್ಯಾಗ, ಪುಣೆದಾಗ ಮಗಳ ಕಡೆ, ಮೈದುನನ ಮನ್ಯಾಗ.

ವೈನಿ, ಅಕ್ಕಂದಿರ, ಕಾಕುಗಳ, ನಿಮಗೆಲ್ಲಾ ಒಂದು ಮಾತು ಕೇಳೂದದ. ಹೋದ ಮೂರು ಅಂದ್ರ ತೊಟ್ಟಿಲ ಹಾಡು, ಹಸೀಗೆ ಕರಿಯೋ ಹಾಡು, ಬೀಗರನ್ನ ಚಾಷ್ಟಿ ಮಾಡೋ ಹಾಡು. ಮದವಿ-ತೊಟ್ಟಿಲಿನ್ಯಾಗ ಅವರು ಹಾಡಿದ್ದು ನಿಮ್ಮ ಹಳೇ ಫೋನಿನ್ಯಾಗ, ಮದವಿ ಸೀಡಿಯೊಳಗ ಎಲ್ಲೆರ ಇದ್ದೀತು. ದಯಮಾಡಿ ಹುಡುಕ್ರಿ. ದನಿ ಕೆಟ್ಟಿದ್ರೂ ನಡೀತದ, ಅರ್ಧ ಇದ್ರೂ ನಡೀತದ. ಸಿಗೋ ತನಕಾ ನಿಮ್ಮ ಹಳೇ ಫೋನ್ ಯಾರಿಗೂ ಕೊಡಬ್ಯಾಡ್ರಿ. ಒಮ್ಮೆ ಸೆರಗಿನ ಗಂಟು ಬಿಚ್ಚಿ ನೋಡ್ರಿ.