ಬೀಗದೊಳಗಿನ ಒಂದು ಹನಿ

ನಮ್ಮ ತೀರ್ಥಹಳ್ಳಿ ಕಡೆಯ ಹೆಂಗಸರಿಗೆ ಹಟಮಾರಿ ಬೀಗ ಹೊಸತಲ್ಲ. ಆಷಾಢದ ಮಳೆ ಹಿಡಿಯಿತೆಂದರೆ ಹಿತ್ತಿಲ ಬಾಗಿಲ ಬೀಗ ಕೀಲಿಕೈಯ ಮಾತನ್ನೇ ಕೇಳುವುದಿಲ್ಲ. ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ನಾಲ್ಕು ಮಾತು ಬೈದರೆ ದಾರಿಗೆ ಬರುತ್ತದೆ. ಸ್ವೀಡನ್ನಿನ ಉಪ್ಸಾಲಾದ ಬೀಗಗಳು ಮಾತ್ರ ಬೈಗುಳಕ್ಕೆ ಬಗ್ಗುವ ಜಾತಿಯವಲ್ಲ.

ಈ ಊರಲ್ಲಿ ಪ್ರೊಫೆಸರರೂ ಎಪ್ಪತ್ತರ ಅಜ್ಜಿಯರೂ ಹಿಮದ ಮೇಲೇ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ನಾನು ಸೈಕಲ್ ಕಲಿತದ್ದೇ ಇಲ್ಲಿಗೆ ಬಂದ ಮೇಲೆ, ಮೂವತ್ತೆರಡನೆಯ ವಯಸ್ಸಿನಲ್ಲಿ. (ಊರಲ್ಲಿ ಅಣ್ಣನ ಸೈಕಲ್ ಒರೆಸುವ ಭಾಗ್ಯವಷ್ಟೇ ನನ್ನದು.) ನನಗೆ ಕೆಲಸ ಒಂದು ವೃದ್ಧರ ಮನೆಯಲ್ಲಿ. ಬೆಳಗಿನ ಪಾಳಿ ಏಳಕ್ಕೆ. ಎರಡನೆಯ ಮಹಡಿಯ ಮುದುಕಿಯೊಬ್ಬರು ಬೇರೆಯವರ ಕೈಯಿಂದ ಮಾತ್ರೆ ತೆಗೆದುಕೊಳ್ಳುವುದಿಲ್ಲ. ಕಿಟಕಿಯ ಬಳಿ ಕೂತು ನನ್ನ ಸೈಕಲ್ ದೀಪವನ್ನೇ ಕಾಯುತ್ತಾರೆ.

2019ರ ಡಿಸೆಂಬರಿನ ಒಂದು ಬೆಳಗ್ಗೆ ಕೀಲಿ ಒಳಗೆ ಹೋಯಿತು, ತಿರುಗಲಿಲ್ಲ. ಬೀಗದ ಹೊಟ್ಟೆಯಲ್ಲಿ ಚಿಕ್ಕ ಚಿಕ್ಕ ಬಿಡಿಭಾಗಗಳಿರುತ್ತವೆ. ಕೀಲಿಯ ಹಲ್ಲುಗಳು ಅವನ್ನು ಸರಿಯಾದ ಜಾಗಕ್ಕೆ ಸರಿಸಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಎರಚಿದ ನೀರುಹಿಮ ಒಳಗಿಳಿದು, ಒಂದು ಹನಿ ಹೆಪ್ಪುಗಟ್ಟಿದರೆ ಮುಗಿಯಿತು. ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಒಣ ಚಳಿಯಾದರೂ ವಾಸಿ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ದಿನಗಳದ್ದೇ ಕಾಟ. ಬಲ ಹಾಕಿದರೆ ಕೀಲಿ ಮುರಿದು ಅರ್ಧ ಒಳಗೇ ಉಳಿಯುತ್ತದೆ.

ಪಕ್ಕದ ಮನೆಯಾಕೆ ಪಾಪ, ಬಿಸಿನೀರಿನ ಕೆಟಲ್ ಹಿಡಿದೇ ಬಂದರು. ಬೇಡವೆಂದೆ. ಬಿಸಿನೀರು ಆ ಗಳಿಗೆಗೆ ಬೀಗ ತೆರೆಯುತ್ತದೆ, ಒಳಗುಳಿದದ್ದು ಸಂಜೆಗೆ ಮತ್ತೆ ಮಂಜುಗಡ್ಡೆ. ಬಾಯಿಂದ ಊದಿದರೂ ಅದೇ ಕತೆ, ಉಸಿರಲ್ಲೂ ನೀರಿದೆಯಲ್ಲ! ಕೋಟಿನ ಜೇಬಿನಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಶೀಷೆ ಇಟ್ಟುಕೊಂಡಿರುತ್ತೇನೆ, ಒಳಗೆ ಆಲ್ಕೊಹಾಲ್. ಅದು ಮಂಜನ್ನು ಕರಗಿಸಿ, ನೀರಿನೊಡನೆ ಬೆರೆತು, ಬೇಗ ಗಟ್ಟಿಯಾಗಗೊಡುವುದಿಲ್ಲ. ಎರಡು ಹನಿ ಬಿಟ್ಟು, ಅಂಗೈಯಲ್ಲಿ ಬೀಗವನ್ನು ಅವುಚಿಕೊಂಡು ನೂರರವರೆಗೆ ಎಣಿಸಿದೆ. ಎಪ್ಪತ್ತಕ್ಕೇ ಕಟಕ್ಕೆಂದಿತು. ಮುದುಕಿ ಐದು ನಿಮಿಷ ತಡವಾದದ್ದಕ್ಕೆ ಮುಖ ತಿರುಗಿಸಿದರೂ ಮಾತ್ರೆ ನುಂಗಿದರು.

ಮಧ್ಯಾಹ್ನ ಮೂರಕ್ಕೇ ಕತ್ತಲು. ಮನೆಗೆ ಬಂದು, ಬೀಗ ಒಣಗಿಸಿ, ಚಳಿಗೆ ಹೆಪ್ಪುಗಟ್ಟದ ತೆಳು ಎಣ್ಣೆ ಬಿಟ್ಟು ಊರಿಗೆ ಫೋನ್ ಮಾಡಿದೆ. "ಕೊಬ್ಬರಿ ಎಣ್ಣೆ ಬಿಡಬೇಕಿತ್ತು ಕಣೇ" ಎಂದಳು ಅಮ್ಮ. 24 ಡಿಗ್ರಿಯಲ್ಲೇ ಗಟ್ಟಿಯಾಗುವ ಎಣ್ಣೆ! ಪುಷ್ಯಮಾಸದಲ್ಲಿ ಶೀಷೆಯನ್ನು ಬಿಸಿಲಿಗಿಡುವವಳು ನೀನೇ ಅಲ್ಲವೇ ಎಂದು ನಕ್ಕೆ. ಆಮೇಲೆ, ಬಹಳ ದಿನದಿಂದ ನಾಲಗೆಯ ತುದಿಯಲ್ಲಿದ್ದುದನ್ನು ಕೇಳಿಬಿಟ್ಟೆ. ಎಪ್ಪತ್ತೆಂಟು ನಿನಗೆ, ರಾತ್ರಿ ಒಳಗಿನಿಂದ ಬೀಗ ಹಾಕಿಕೊಂಡು ಒಬ್ಬಳೇ ಮಲಗುತ್ತೀಯ, ಏನಾದರೂ ಆದರೆ?

"ಈಗ ಹಾಕುವುದಿಲ್ಲ," ಎಂದಳು ಅಮ್ಮ. "ಗೌರಿಹಬ್ಬದ ಹೊತ್ತಿಗೇ ಬಿಟ್ಟೆ. ಚಿಲಕ ಮಾತ್ರ. ನಿನಗೆ ಹೇಳಿದರೆ ಸುಮ್ಮನೆ ಗಾಬರಿಯಾಗ್ತೀಯ ಅಂತ ಹೇಳಲಿಲ್ಲ."