ಧೈರ್ಯಕ್ಕೆ ಎಷ್ಟು ಅಂಕ?

ಕಳೆದ ಭಾನುವಾರ ಶಾಂತಿಗ್ರಾಮದ ನಮ್ಮ ಮನೆಗೆ ತಮ್ಮನ ಮಗಳು ಬಂದಿದ್ದಳು. ಹಾಸನದಲ್ಲಿ ನಾಲ್ಕು ವರ್ಷದ ಶುಶ್ರೂಷಾ ಪದವಿಗೆ ಓದುತ್ತಿರುವವಳು. ಅವಳ ಕೈಯಲ್ಲೊಂದು ಪ್ರಶ್ನಾವಳಿಯಿತ್ತು. ಗರ್ಭಿಣಿ ಬಾಣಂತಿಯರ ಆರೈಕೆಯ ಒಂದೊಂದು ಕೆಲಸವನ್ನೂ ಮಾಡಬಲ್ಲೆನೆಂಬ ನಂಬಿಕೆ ತನಗೆಷ್ಟುಂಟು ಎಂಬುದಕ್ಕೆ 1ರಿಂದ 5ರ ವರೆಗೆ ಅಂಕವನ್ನು ತಾನೇ ಹಾಕಿಕೊಳ್ಳಬೇಕಂತೆ. ಗರ್ಭದ ಶಿಶುವಿನ ಎದೆಬಡಿತ ಕೇಳುವುದಕ್ಕೆ 4, ಹಾಲೂಡಿಸುವುದನ್ನು ತಾಯಿಗೆ ಕಲಿಸುವುದಕ್ಕೆ 5 ಎಂದು ಬರೆದವಳು, ಹೆರಿಗೆಯ ಅನಂತರದ ರಕ್ತಸ್ರಾವವೆಂಬಲ್ಲಿ ಲೇಖನಿ ನಿಲ್ಲಿಸಿದಳು.

“ದೊಡ್ಡಪ್ಪ, ನಿಜ ಹೇಳಿದರೆ ಇಲ್ಲಿ 2. ಹಾಗೆ ಬರೆದರೆ ದಡ್ಡಿ ಎಂದಾರು. 4 ಹಾಕಿಬಿಡಲೆ?”

ಬಹುಕಾಲ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು. ಮಕ್ಕಳಿಗೆ ಏನು ಗೊತ್ತೆಂಬುದನ್ನು ಅಳೆದೆನೇ ಹೊರತು, ಗೊತ್ತೆಂದು ಅವರೆಷ್ಟು ನಂಬಿದ್ದಾರೆಂದು ಕೇಳಲಿಲ್ಲ. ಇವೆರಡೂ ಬೇರೆ. 1977ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಈ ನಂಬಿಕೆಯನ್ನು ವಿವರಿಸಿ, ತಾನೇ ಮಾಡಿ ಗೆದ್ದ ಅನುಭವವೇ ಅದಕ್ಕೆ ಮುಖ್ಯ ಮೂಲವೆಂದರು. ನಮ್ಮ ಚರಕಸಂಹಿತೆಯ ಶಾರೀರಸ್ಥಾನವೂ ಸೂತಿಕಾಗಾರದಲ್ಲಿರತಕ್ಕ ಸ್ತ್ರೀಯರಿಗೆ ಎದೆಗುಂದದ ಮನಸ್ಸನ್ನು ವಿಧಿಸುತ್ತದೆ. ಅದರೊಡನೆ ಹಲವು ಸಲ ಹೆತ್ತ ಅನುಭವವನ್ನೂ ಸಮಯೋಚಿತವಾದ ಕುಶಲತೆಯನ್ನೂ ಬೇಡುತ್ತದೆ. ಬರಿಯ ಧೈರ್ಯವು ಸಾಲದಷ್ಟೆ.

ನನಗೆ ಮಗಳ ಹೆರಿಗೆಯ ರಾತ್ರಿ ನೆನಪಾಯಿತು. ಕೂಸು ಹುಟ್ಟಿತೆಂದು ನಾವು ಬಾಗಿಲ ಹೊರಗೆ ಹಿಗ್ಗುತ್ತಿರುವಾಗ ಒಳಗಿನಿಂದ ಎಳೆಯ ದನಿಯೊಂದು ಕೇಳಿತು: “ಸಿಸ್ಟರ್, ಗರ್ಭಕೋಶ ಮೆತ್ತಗಿರುವ ಹಾಗಿದೆ, ನನಗೆ ಖಾತ್ರಿಯಿಲ್ಲ, ಬೇಗ ಬನ್ನಿ!” ಅವಳು ಕಲಿಯಲು ಬಂದಿದ್ದ ವಿದ್ಯಾರ್ಥಿನಿ. ಗರ್ಭಕೋಶ ಬಿಗಿಯದಿದ್ದರೆ ರಕ್ತ ನಿಲ್ಲದೆ ಹರಿದು ಸ್ವಲ್ಪ ಹೊತ್ತಿನಲ್ಲೇ ಪ್ರಾಣಕ್ಕೆ ಸಂಚಕಾರ ಬರುವುದು. ಹಿರಿಯ ದಾದಿ ಓಡಿಬಂದು ಹೊಟ್ಟೆ ನೀವಿದಳು, ವೈದ್ಯರು ಆಕ್ಸಿಟೋಸಿನ್ ಕೊಡಿಸಿದರು, ಮಗಳು ಉಳಿದಳು. ಆ ಹುಡುಗಿ ಇಲ್ಲದ ಧೈರ್ಯವನ್ನು ನಟಿಸಿದ್ದರೆ ಏನಾಗುತ್ತಿತ್ತು?

“2 ಎಂದೇ ಬರೆ, ಮಗು,” ಎಂದೆ. “ಇದು ಪರೀಕ್ಷೆಯಲ್ಲ, ನಿನಗೆ ಎಲ್ಲಿ ಪಾಠ ಸಾಲದೆಂದು ಗುರುಗಳಿಗೆ ತೋರಿಸುವ ದೀಪ. ಅವರು ಮೊದಲು ಬೊಂಬೆಯ ಮೇಲೆ, ಆಮೇಲೆ ಹಿರಿಯರ ಜೊತೆಯಲ್ಲಿ ನಿನ್ನಿಂದ ಮತ್ತೆ ಮತ್ತೆ ಮಾಡಿಸಲಿ. ಕೈಕೆಲಸವನ್ನು ಬೇರೆಯಾಗಿ ಪರೀಕ್ಷಿಸಲಿ. ಆಗ ಬರುವ 4ಕ್ಕೆ ಬೆಲೆಯುಂಟು.”

ಅವಳು 2 ಎಂದೇ ಬರೆದಳು.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಹೆರಿಗೆಯ ವಾರ್ಡಿನಲ್ಲಿ ಎಳೆಯ ವಿದ್ಯಾರ್ಥಿನಿಯೊಬ್ಬಳು “ಹಿರಿಯರನ್ನು ಕೇಳಿ ಬರುತ್ತೇನೆ” ಎಂದರೆ ಗದರಬೇಡಿರಿ. ಆ ಮಾತು ನಮ್ಮ ಮನೆಯ ದೀಪವೊಂದನ್ನು ಉಳಿಸಿದೆ.